ಆಮೆಕಲ್ಲಿನ ಕಾಲು

ಜಾವಳಿಯ ಆ ಕೆರೆಯಲ್ಲಿ ಒಂದು ಕಲ್ಲಿದೆ. ಯಾರು ಯಾವ ಕಾಲದಲ್ಲಿ ಕಡೆದದ್ದೋ ದೇವರಿಗೇ ಗೊತ್ತು. ಆಮೆಯ ಬೆನ್ನಿನಂತೆ ಉಬ್ಬಿಕೊಂಡು, ಮೇಲೆಲ್ಲ ಚೌಕುಳಿ ಗೀರು. ಮಳೆಗಾಲದಿಂದ ಕಾಫಿ ಕೊಯ್ಲು ಮುಗಿಯುವವರೆಗೆ ಅದು ನೀರಿನಡಿ ಕೂತಿರುತ್ತದೆ, ಯಾರಿಗೂ ಅದರ ನೆನಪಿರುವುದಿಲ್ಲ. ಬೇಸಿಗೆಯಲ್ಲಿ ನೀರಿಳಿದು ಅದರ ಬೆನ್ನು ಕಂಡಿತೋ, ಅಲ್ಲಿಗೆ ತೋಟಕ್ಕೆ ನೀರೆತ್ತುವ ಇಂಜಿನ್ನು ಬಂದ್. ಉಳಿದ ನೀರು ಮನೆಯ ಹಿಂದಿನ ಬಾವಿಯದು, ದನಕರುಗಳದು, ಲೈನುಮನೆಯ ಕೆಲಸದವರದು. ಸಾವಿತ್ರಮ್ಮನ ಮಾವ ಮಾಡಿಟ್ಟ ಕಟ್ಟಳೆ ಅದು. ಅವರು ಎಂಥ ಮುಂಗೋಪಿ ಎಂದರೆ, ಬೆನ್ನು ಕಂಡ ಮೇಲೂ ಇಂಜಿನ್ನು ಓಡುತ್ತಿದೆ ಎಂದು ಕತ್ತಿ ಹಿಡಿದು ಹೋಗಿ, ಸ್ವಂತ ಇಂಜಿನ್ನಿನ ಬೆಲ್ಟನ್ನೇ ಕೊಯ್ದು ಕೆರೆಗೆ ಎಸೆದಿದ್ದರು.

ಮೊಮ್ಮಗಳು ಕವನಾ ಸಣ್ಣವಳಿದ್ದಾಗ ಒಮ್ಮೆ ಕೇಳಿದ್ದಳು: "ಅಜ್ಜಿ, ಈ ಆಮೆಗೆ ಕಾಲಿದೆಯಾ?"

"ನೋಡಿದವರು ಯಾರೂ ಇಲ್ಲ ಮಗ. ನೋಡೋ ಕಾಲ ಬರದೂ ಬ್ಯಾಡ" ಎಂದಿದ್ದಳು ಸಾವಿತ್ರಮ್ಮ.

ಈಗ ಮಾವನವರಿಲ್ಲ, ಗಂಡನೂ ಇಲ್ಲ. ಹೋದ ವರ್ಷದ ಹಿಂದಿನ ವರ್ಷ ತೋಟ ಎರಡು ಭಾಗವಾಯಿತು. ಮೇಲಿನದು ದೊಡ್ಡವನು ದೇವರಾಜನಿಗೆ, ತಗ್ಗಿನದು ಚಿಕ್ಕವನು ರಾಜೇಶನಿಗೆ. ಕೆರೆಯ ಆಚೆ ದಡದ ತೋಟ ಓಂಕಾರಮೂರ್ತಿಯವರದು, ಅವರಿಗೂ ಈ ಕೆರೆಯಲ್ಲಿ ಮೊದಲಿಂದ ಹಕ್ಕಿದೆ. ಮುಂಚೆ ಒಂದು ಇಂಜಿನ್ನು ಸರದಿಯಲ್ಲಿ ಮೂರು ಕಡೆ ತಿರುಗುತ್ತಿತ್ತು. ಕಾಫಿಗೆ ಅಪ್ಪ ಅಜ್ಜಂದಿರು ಕನಸಲ್ಲೂ ಕಾಣದ ರೇಟು ಬಂದಮೇಲೆ ಇಂಜಿನ್ನು ಮೂರಾದವು. ಆದರೆ ಮನೆಯೊಂದೇ, ಬಾವಿಯೊಂದೇ, ಒಲೆಯೊಂದೇ. ಈ ಮೂರನ್ನು ತಾನಿರುವವರೆಗೆ ಒಡೆಯಗೊಡಬಾರದು ಎಂಬುದೊಂದೇ ಸಾವಿತ್ರಮ್ಮನಿಗಿದ್ದ ಹಟ.

ಕಾಫಿಯ ಲೆಕ್ಕ ಸುಲಭದ್ದು. ಮೊಗ್ಗು ಬಲಿತಾಗ ಒಂದು ಮಳೆ ಬೀಳಬೇಕು, ಬಿದ್ದರೆ ಹೂವು. ಹೂವಾದ ಮೇಲೆ ಇನ್ನೊಂದು ಬೀಳಬೇಕು, ಬಿದ್ದರೆ ಕಾಯಿ. ಮಳೆ ಕೈಕೊಟ್ಟರೆ ಎರಡು ಸಲವೂ ಕೆರೆಯಿಂದ ಎತ್ತಿ ಜೆಟ್ಟಿನಲ್ಲಿ ಮಳೆಯ ಹಾಗೆ ಹೊಡೆಯಬೇಕು. ಒಂದೇ ಸಲಕ್ಕೆ ಕೆರೆ ಬರಿದು ಮಾಡಿದವನಿಗೆ ಹೂವು ಸಿಗುತ್ತದೆ, ಕಾಯಿ ಸಿಗುವುದಿಲ್ಲ. ಮೊಗ್ಗು ಬಲಿಯುವ ಮುಂಚೆ ಹೊಡೆದವನಿಗೆ ಹೂವೂ ಅರ್ಧಂಬರ್ಧ. ತೊಟ್ಟಿಲ ಕೂಸಿಗೂ ಗೊತ್ತಿರುವ ವಿಷಯ.

ಈ ಸಲ ನೀರು ಬೇಗ ಇಳಿಯತೊಡಗಿತು. ಸಾವಿತ್ರಮ್ಮ ಓಂಕಾರಮೂರ್ತಿಯವರನ್ನು ಊಟಕ್ಕೆ ಕರೆಸಿದಳು. ಕಡುಬು, ಕೋಳಿ ಸಾರು. ಮೂವರೂ ಗಂಡಸರು ಸಾರಿನಲ್ಲಿ ಕೈಯದ್ದಿ ಕೂತಾಗ ಮಾತು ತೆಗೆದಳು.

"ನೋಡಿ ಮೂರ್ತಿಯವ್ರೇ, ಶಿವರಾತ್ರಿ ಆಗೋವರೆಗೆ ಯಾರೂ ಇಂಜಿನ್ನು ಮುಟ್ಟದು ಬ್ಯಾಡ. ಅಷ್ಟರಲ್ಲಿ ಮೊಗ್ಗು ಬಲೀತದೆ. ಆಮೇಲೆ ಸರದೀಲಿ ಒಂದೊಂದು ಸುತ್ತು. ಅರ್ಧ ಕೆರೆ ಎರಡನೇ ನೀರಿಗೆ ಇರ್ಲಿ. ಆಮೆ ಬೆನ್ನು ಕಂಡ್ರೆ ಎಲ್ರೂ ಬಂದ್."

"ಸಾವಿತ್ರಕ್ಕ, ನೀವು ಹೇಳಿದ್ಮೇಲೆ ಆಯ್ತಲ್ಲ" ಎಂದರು ಮೂರ್ತಿ, ಕಡುಬು ಮುರಿಯುತ್ತ. "ನನ್ನದೇನೂ ತಕರಾರಿಲ್ಲ. ನಿಮ್ಮ ಮಕ್ಳು ಒಪ್ಪಿದ್ರೆ ಸಾಕು."

"ನಂದೇನಿದೆ" ಎಂದ ದೇವರಾಜ. "ರಾಜೇಶ ಒಪ್ಲಿ."

"ಅಣ್ಣ ಒಪ್ಪಿದ್ರೆ ನಂದೂ ಒಪ್ಗೆ."

"ಉಣ್ಣೋ ಕೈಲಿ ಕೊಟ್ಟ ಮಾತು. ನೆನಪಿರ್ಲಿ" ಎಂದು ಸಾವಿತ್ರಮ್ಮ ಮೂವರಿಗೂ ಇನ್ನೊಂದೊಂದು ಕಡುಬು ಹಾಕಿದಳು. ಆವತ್ತು ಅವಳಿಗೆ ಒಳ್ಳೆಯ ನಿದ್ದೆ ಬಂತು.

ಮಾರನೇ ವಾರ ಬೆಳಿಗ್ಗೆ ರೊಟ್ಟಿ ತಟ್ಟುತ್ತ ದೊಡ್ಡಸೊಸೆ ಪ್ರೇಮಕುಮಾರಿ, ಯಾರಿಗೂ ಹೇಳದವಳಂತೆ ಹೇಳಿದಳು: "ತಗ್ಗಿನ ತೋಟದಲ್ಲಿ ಪೈಪ್ ಜೋಡ್ಸ್ತಾ ಇದ್ದಾರಂತೆ. ಲೈನಿನ ಗುರುವಯ್ಯ ನೋಡ್ಕಂಡು ಬಂದ."

ಚಿಕ್ಕಸೊಸೆ ರೂಪಶ್ರೀ ಚಟ್ನಿ ರುಬ್ಬುತ್ತಿದ್ದವಳು ಮಿಕ್ಸಿ ನಿಲ್ಲಿಸಿದಳು. "ಜೋಡ್ಸಿಟ್ರೆ ತಪ್ಪೇನಕ್ಕ? ನೀರು ಬಿಟ್ಟಿಲ್ವಲ್ಲ. ಬಾವ ಡೀಸೆಲ್ ತಂದು ಪಂಪ್‌ಹೌಸಲ್ಲಿ ಇಟ್ಟಿಲ್ವಾ?"

"ಅದು ಮೂರ್ತಿಯವ್ರು ದೊಡ್ಡ ಇಂಜಿನ್ ತರ್ತಾರಂತೆ ಅಂತ ತಂದಿದ್ದು."

"ನಾವು ಜೋಡ್ಸಿದ್ದು ಬಾವ ಡೀಸೆಲ್ ತಂದ್ರು ಅಂತ."

"ಏನ್ರೇ ಅದು ಬೆಳ್‌ಬೆಳಿಗ್ಗೆ!" ಎಂದಳು ಸಾವಿತ್ರಮ್ಮ. "ಮಾತು ಕೊಟ್ಟಾಗಿದೆ. ರೊಟ್ಟಿ ಸೀದು ಹೋಗ್ತಿದೆ ನೋಡು."

ಎರಡು ದಿನ ಬಿಟ್ಟು ಆಚೆ ದಡಕ್ಕೆ ಟ್ರಾಕ್ಟರಿನಲ್ಲಿ ಹೊಸ ಇಂಜಿನ್ನು ಬಂದಿಳಿಯಿತು. ಬಣ್ಣ ಮಾಸದ್ದು, ಕರುವಿನಷ್ಟು ಎತ್ತರದ್ದು. ಕೇಳಿದರೆ ಮೂರ್ತಿಯವರು, "ಅಯ್ಯೋ ಸಾವಿತ್ರಕ್ಕ, ನಿಮ್ಮ ಮಕ್ಳು ಇಬ್ರೂ ರೆಡಿ ಮಾಡ್ಕಂಡ್ ಕೂತವ್ರೆ. ನಾನೊಬ್ನೇ ಬಾಯಿಗೆ ಬೆರಳಿಟ್ಕಂಡು ನಿಂತ್ಕಳದಾ?" ಎಂದು ನಕ್ಕರು. ಆ ನಗು ಅವಳಿಗೆ ಸರಿಬರಲಿಲ್ಲ.

ಆ ದಿನದಿಂದ ಅವಳಿಗೆ ರಾಜೇಶನದೇ ಚಿಂತೆ. ಮೊದಲಿನಿಂದ ಹಿಂದೆ ಬೀಳುವ ಹುಡುಗ ಅವನು. ಪಂಕ್ತಿಯಲ್ಲಿ ಕೊನೆಗೆ ಬಂದು ಕೂರುವವನು. ಪಾತ್ರೆಯಲ್ಲಿ ಮೂಳೆ, ರಸ ಮಾತ್ರ ಉಳಿದಿರುತ್ತಿತ್ತು. ಅದಕ್ಕೇ ಸಾವಿತ್ರಮ್ಮ ಅವನ ತಟ್ಟೆಯಲ್ಲಿ ಮೊದಲೇ ಒಂದು ತುಂಡು ಇಟ್ಟು ಮೇಲೆ ಅನ್ನ ಮುಚ್ಚುತ್ತಿದ್ದಳು. ಅವನು ಅನ್ನ ಕಲೆಸುವಾಗ ಕೈಗೆ ತಾಗಿ, ತಲೆ ಎತ್ತದೆ ಅವಳತ್ತ ಒಂದು ನೋಟ ನೋಡುತ್ತಿದ್ದ. ಅವನಿಗೆ ನಲವತ್ತು ದಾಟಿದರೂ ಅವಳು ಆ ಅಭ್ಯಾಸ ಬಿಟ್ಟಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಸುಮ್ಮನೆ ಹೇಳುತ್ತಾರೆಯೇ! ಮೂರ್ತಿಯ ಆ ದೊಡ್ಡ ಇಂಜಿನ್ನು ಒಂದು ದಿನ ಮೊದಲು ಶುರುವಾದರೆ ಈ ಬಡಪಾಯಿಗೆ ಉಳಿಯುವುದು ಕೆಸರು ಎಂದು ಅವಳು ಲೆಕ್ಕ ಹಾಕಿದಳು.

ಶಿವರಾತ್ರಿಗೆ ಮುಂಚೆ ಮೂಡಿಗೆರೆಯಲ್ಲಿ ಪ್ರೇಮಕುಮಾರಿಯ ಚಿಕ್ಕಪ್ಪನ ಮಗ ಯೋಗೇಶನ ಮದುವೆ. ಮನೆಮಂದಿಯೆಲ್ಲ ಹೋಗಬೇಕು. ಹಿಂದಿನ ದಿನ ಬಾವಿಕಟ್ಟೆಯಲ್ಲಿ ಸಾವಿತ್ರಮ್ಮ ರಾಜೇಶನನ್ನು ಒಬ್ಬನೇ ಹಿಡಿದಳು.

"ನಾಳೆ ನಿಂಗೆ ಜ್ವರ."

"ನಂಗೆಲ್ಲಿ ಜ್ವರ ಅವ್ವ? ಗಟ್ಟಿಮುಟ್ಟಾಗಿದೀನಿ."

"ನಾನು ಜ್ವರ ಅಂದ್ರೆ ಜ್ವರ. ನಿಮ್ಮಣ್ಣ ಮದ್ವೇಲಿರ್ತಾನೆ. ಮೂರ್ತಿಯವ್ರಿಗೂ ಕರೆಯೋಲೆ ಹೋಗಿದೆ. ಸಂಜೆಯೊಳಗೆ ಒಂದು ಸುತ್ತು ಬಿಟ್ಕೊಂಡು ಪೈಪ್ ಎಳೆದು ಹಾಕು. ಒಂದು ಸುತ್ತಿಗೆ ಕೆರೆ ಏನೂ ಬತ್ತಲ್ಲ."

ರಾಜೇಶ ಹಗ್ಗ ಸುತ್ತುತ್ತ ನಿಂತ. "ಮೊಗ್ಗು ಬಲಿತಿಲ್ವಲ್ಲ ಅವ್ವ. ಮತ್ತೆ... ಮಾತು ಕೊಟ್ಟಿದ್ದು?"

"ಮಾತು ತಗಂಡವಳು ನಾನೇ ಅಲ್ವಾ? ನಾನೇ ಹೇಳ್ತಿದೀನಿ."

ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಆದರೆ ಆ ಹೊತ್ತಿಗೆ ಅವಳಿಗೆ ಹಾಗನ್ನಿಸಲಿಲ್ಲ. ಅನ್ನದಡಿ ಒಂದು ತುಂಡು ಮುಚ್ಚಿಟ್ಟಷ್ಟೇ ಸಲೀಸಾಗಿ ಹೇಳಿ, ಕೊಡ ಎತ್ತಿಕೊಂಡು ಒಳಗೆ ಬಂದಳು.

ಮದುವೆಮನೆಯಲ್ಲಿ ಧಾರೆ ಮುಗಿಯುವವರೆಗೆ ಎಲ್ಲ ಸರಿಯಿತ್ತು. ಊಟಕ್ಕೆ ಕೂರುವಾಗ ನೋಡಿದರೆ ದೇವರಾಜನಿಲ್ಲ.

"ಎಲ್ಲಿ ನಿನ್ನ ಗಂಡ?"

"ತಲೆನೋವಂತೆ ಅತ್ತೆ. ಯಾರದೋ ಜೀಪು ಸಿಕ್ತು ಅಂತ ಮನೆಗೋದ್ರು" ಎಂದ ಪ್ರೇಮಕುಮಾರಿ ಎಲೆಯತ್ತ ನೋಡುತ್ತಿದ್ದಳು. ಕಾರಿನ ಕೀ ಮಗಳು ಕವನಾಳ ಕೈಯಲ್ಲಿತ್ತು. ಚಿಕ್ಕಮಗಳೂರಿನ ಕಾಲೇಜಿನಿಂದ ಮದುವೆಗೆಂದೇ ಬಂದಿದ್ದಳು ಅವಳು. ಓಂಕಾರಮೂರ್ತಿಯವರ ಹೆಂಡತಿ ಅಕ್ಷತೆ ಹಾಕಿ ಹೋಗಿದ್ದರಂತೆ, ಅವರು ಮಾತ್ರ ಬಂದಿರಲಿಲ್ಲ. ಸಾವಿತ್ರಮ್ಮ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದಳು.

ವಾಪಸು ಬರುವಾಗ ತಿರುವಿನಲ್ಲಿ ಕಿಟಕಿ ಇಳಿಸಿ ಕಿವಿಗೊಟ್ಟಳು. ತಗ್ಗಿನಿಂದ ಒಂದು ಇಂಜಿನ್ನಿನ ಸದ್ದು. ಅದು ರಾಜೇಶನದು, ಅವಳು ಬಯಸಿದ್ದೇ. ಇನ್ನೊಂದಿಷ್ಟು ದೂರ ಬಂದಮೇಲೆ ಅದರೊಳಗೆ ಇನ್ನೊಂದು ಸದ್ದು ಬಿಡಿಸಿಕೊಂಡಿತು. ಗೇಟಿನ ಹತ್ತಿರ ಮೂರನೆಯದು ಕೇಳಿತು, ದಪ್ಪ ದನಿಯದು.

"ಅಜ್ಜಿ, ಮೂರೂ ಓಡ್ತಿದೆ!" ಎಂದಳು ಕವನಾ.

ರೇಷ್ಮೆ ಸೀರೆಯಲ್ಲೇ ಸಾವಿತ್ರಮ್ಮ ಕೆರೆಗೆ ಓಡಿದಳು. ಏರಿಯ ಮೇಲೆ ಅಣ್ಣತಮ್ಮಂದಿರು ಎದುರುಬದುರು. ದೇವರಾಜನಿಗೆ ಮದುವೆಯ ಪಂಚೆ, ಮೊಣಕಾಲವರೆಗೆ ಕೆಸರು.

"ಜ್ವರ ಅಂತ ಮಲಗಿದೋನು ಇಲ್ಲೆಂತ ಮಾಡ್ತಿದ್ಯೋ?"

"ತಲೆನೋವು ಅಂದೋನು ನೀನೆಂತ ಮಾಡ್ತಿದ್ಯಾ?"

"ನಾನು ಬರೋ ಹೊತ್ತಿಗೆ ನಿಂದು ಓಡ್ತಿತ್ತು!"

"ನಾನು ಶುರು ಮಾಡಿರ್ಲಿಲ್ಲ ಅಂದ್ರೆ ನೀನು ವಾಪಸ್ ಹೋಗ್ತಿದ್ದಾ? ಸಕ್ಷನ್ ಪೈಪನ್ನ ನೆನ್ನೆನೇ ಕೆರೆಗೆ ಇಳಿಸಿಟ್ಟಿದ್ಯಲ್ಲ!"

ಆಚೆ ದಡದಿಂದ ಮೂರ್ತಿಯವರು ಕೂಗಿದರು: "ನನ್ನ ಕೇಳಬ್ಯಾಡಿ ಮಾರಾಯ್ರೆ. ನಿಮ್ಮ ಕಾರು ಹೋಗಿದ್ದು ನೋಡ್ದೆ. ನಿಮ್ಮಲ್ಲೊಬ್ಬ ಉಳಿದಿದ್ದೂ ನೋಡ್ದೆ!"

ರಾಜೇಶ ಅವ್ವನ ಮುಖ ನೋಡಿದ. ಸಾವಿತ್ರಮ್ಮ ಇಂಜಿನ್ನುಗಳ ಕಡೆ ತಿರುಗಿದಳು.

"ನಿಲ್ಸ್ರೋ! ಮೊದ್ಲು ನಿಲ್ಸ್ರೋ!" ಎಂದಷ್ಟೇ ಕೂಗಿದಳು.

"ಅವನು ನಿಲ್ಸ್ಲಿ."

"ಅಣ್ಣ ನಿಲ್ಸ್ಲಿ."

"ಅವ್ರಿಬ್ರೂ ನಿಲ್ಸಿದ್ರೆ ನಂದೇನು!"

ಕೊನೆಗೆ ಕವನಾ ಏರಿಯ ನಡುವೆ ನಿಂತಳು. "ಯಾರು ಮೊದಲು ಅನ್ನೋದೇ ಬೇಡ. ನಾನು ಒಂದು ಎರಡು ಮೂರು ಅಂತೀನಿ. ಮೂರಕ್ಕೆ ಮೂರು ಜನಾನೂ ಒಟ್ಟಿಗೆ ನಿಲ್ಸಿ. ಆಯ್ತಾ ಅಪ್ಪ? ಚಿಕ್ಕಪ್ಪ? ಮೂರ್ತಿ ಅಂಕಲ್, ಕೇಳಿಸ್ತಾ?"

ಕೇಳಿಸಿತು. ಮೂವರೂ ತಂತಮ್ಮ ಇಂಜಿನ್ನಿನ ಹತ್ತಿರ ಹೋಗಿ ಬಗ್ಗಿ ಕೈಯಿಟ್ಟರು. ಕವನಾ ಗಂಟಲು ಬಿರಿಯುವಂತೆ ಎಣಿಸಿದಳು.

"ಮೂರು!"

ಒಂದು ಇಂಜಿನ್ನು ನಿಂತಿತು. ರಾಜೇಶನದು. ಅವನು ತಲೆಯೆತ್ತಿ ಅಣ್ಣನ ಕಡೆ ನೋಡಿದ, ಆಚೆ ದಡ ನೋಡಿದ. ಎರಡೂ ಓಡುತ್ತಿದ್ದವು. ದೇವರಾಜನ ಕೈ ಲಿವರಿನ ಮೇಲೇ ಇತ್ತು, ಎಳೆದಿರಲಿಲ್ಲ. ಅವನ ಕಣ್ಣು ಮೂರ್ತಿಯವರ ಮೇಲಿತ್ತು. ಮೂರ್ತಿಯವರ ಕಣ್ಣು ಅವನ ಮೇಲೆ. ರಾಜೇಶ ಮತ್ತೆ ಬಗ್ಗಿ ಹ್ಯಾಂಡಲ್ ಹಾಕಿ ತಿರುವಿದ. ಇಂಜಿನ್ನು ಮತ್ತೆ ಹತ್ತಿಕೊಂಡಿತು. ಆಗ ಅವನ ಮುಖದ ಮೇಲೆ ಬಂದದ್ದನ್ನು ಸಾವಿತ್ರಮ್ಮ ಹೆತ್ತಂದಿನಿಂದ ಕಂಡಿರಲಿಲ್ಲ. ಅವಳಿಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ.

ಆಮೇಲೆ ಯಾರೂ ಯಾರ ಮಾತೂ ಕೇಳಲಿಲ್ಲ. ಮೂರು ಇಂಜಿನ್ನೂ ಹಗಲಿರುಳು ಓಡಿದವು. ಆಮೆಯ ಬೆನ್ನು ಕಂಡಿತು. ಸಾವಿತ್ರಮ್ಮ ಕತ್ತಿ ತೆಗೆದುಕೊಂಡು ಹೋಗಿ ಬೆಲ್ಟು ಕೊಯ್ಯಬೇಕೆಂದು ಏರಿಯವರೆಗೆ ಹೋದದ್ದೂ ಉಂಟು. ಯಾರ ಬೆಲ್ಟು ಕೊಯ್ಯುವುದು? ಒಬ್ಬನದು ಕೊಯ್ದರೆ ಅವನ ನೀರನ್ನು ಉಳಿದಿಬ್ಬರು ಕುಡಿಯುತ್ತಾರೆ. ಕತ್ತಿಯಲ್ಲಿ ಒಂದಿಷ್ಟು ಹುಲ್ಲು ಕೊಯ್ದು ದನಕ್ಕೆ ಹಾಕಿ ಬಂದಳು.

ಶಿವರಾತ್ರಿಯ ಹೊತ್ತಿಗೆ ಲೈನಿನ ಮಕ್ಕಳೆಲ್ಲ ಕೆರೆಯಲ್ಲಿ ಇಳಿದು ಕುಣಿಯುತ್ತಿದ್ದವು. "ಅಮ್ಮಾರೆ, ಬಂದು ನೋಡಿ" ಎಂದು ಗುರುವಯ್ಯನ ಹೆಂಡತಿ ಅಣ್ಣಮ್ಮ ಕರೆದಳು. ಆಮೆಗೆ ಕಾಲಿತ್ತು. ನಾಲ್ಕೂ ಕಾಲು, ಬೆರಳು ಸಮೇತ ಕಡೆದಿದ್ದರು. ಬಿರುಕುಬಿಟ್ಟ ಕೆಸರಿನ ಮೇಲೆ ಈಗ ತಾನೆ ನಡೆದು ಬಂದ ಹಾಗೆ ನಿಂತಿತ್ತು. ಸಾವಿತ್ರಮ್ಮ ನೋಡಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಆಮೇಲೆ ಹೂವಾಯಿತು. ಅದೂ ಎಂಥ ಹೂವು! ಬಲಿತ ಮೊಗ್ಗೆಲ್ಲ ಒಟ್ಟಿಗೆ ಬಿರಿದು ದೂರಕ್ಕೆ ಗುಡ್ಡ ಬೆಳ್ಳಗೆ ಕಂಡಿತು; ಹತ್ತಿರ ಹೋಗಿ ನೋಡಿದವರಿಗೆ ಮಾತ್ರ ರೆಂಬೆಯಲ್ಲಿ ಅಕ್ಕಿಕಾಳಿನಷ್ಟೇ ಉಳಿದು ಕಪ್ಪಾದ ಮೊಗ್ಗುಗಳು ಕಾಣುತ್ತಿದ್ದವು. ಘಮಕ್ಕೆ ಮನೆಯೊಳಗೂ ತಲೆ ಸುತ್ತುತ್ತಿತ್ತು. ಹೋಂಸ್ಟೇಗೆ ಬಂದವರು ರಸ್ತೆಯಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆದರು. ಗೋಣಿಬೀಡಿನ ನೆಂಟರು ಫೋನು ಮಾಡಿ, "ಏನು ಸಾವಿತ್ರಕ್ಕ, ಈ ವರ್ಷ ನಿಮ್ದೇ ದರ್ಬಾರು" ಎಂದರು. ಸಾವಿತ್ರಮ್ಮ ಹ್ಞೂಂ ಎಂದು ಫೋನಿಟ್ಟು ಆಕಾಶ ನೋಡಿದಳು. ಮೋಡದ ಸುಳಿವಿರಲಿಲ್ಲ.

ಎರಡನೇ ನೀರಿನ ದಿನ ಬಂತು, ಹೋಯಿತು. ಬಾವಿಯ ಹಗ್ಗಕ್ಕೆ ಒಂದು ತುಂಡು ಸೇರಿಸಿ ಕಟ್ಟಿದರು, ಆಮೇಲೆ ಇನ್ನೊಂದು. ಬರುವ ನೀರಿಗೆ ಕೆಸರಿನ ವಾಸನೆ. ಒಂದು ಬೆಳಿಗ್ಗೆ ಹಂಡೆಯ ಮುಂದೆಯೇ ಜಗಳವಾಯಿತು.

"ನಾನು ಕತ್ಲಲ್ಲಿ ಎದ್ದು ಸೇದಿಟ್ಟಿದ್ದ ಕೊಡ ಎಲ್ಲಿ ರೂಪಾ?"

"ಒಲೆ ಮೇಲೆ ಅನ್ನಕ್ಕಿಟ್ಟಿದೀನಿ. ನೀವೂ ಉಣ್ತೀರಲ್ಲ ಅಕ್ಕ."

"ನಮಗೆ ನಮ್ಮ ನೀರಲ್ಲೇ ಅನ್ನ ಆಗ್ಲಿ ಬಿಡು."

ಮಧ್ಯಾಹ್ನದೊಳಗೆ ಪ್ರೇಮಕುಮಾರಿ ಪಡಸಾಲೆಯ ಪಕ್ಕದ ಕೋಣೆಯಲ್ಲಿ ಗ್ಯಾಸ್ ಒಲೆ ಇಟ್ಟಳು. ಯಾರೂ ಕೂಗಾಡಲಿಲ್ಲ, ಯಾರೂ ಅಳಲಿಲ್ಲ. ಸಾವಿತ್ರಮ್ಮ ಎರಡು ಒಲೆಗಳ ನಡುವಿನ ಹೊಸ್ತಿಲ ಮೇಲೆ ಕೂತಳು. ಒಂದೇ ಒಲೆ ಎಂದು ಇಷ್ಟು ವರ್ಷ ಕಟ್ಟಿಕೊಂಡು ಬಂದದ್ದು ಒಂದು ಕೊಡ ನೀರಿಗೆ ಹೋಯಿತು.

ಲೈನುಮನೆಯವರು ಅದೇ ವಾರ ಹೊರಟರು. ಅಣ್ಣಮ್ಮ ತಲೆಯ ಮೇಲೆ ಪಾತ್ರೆಯ ಗಂಟಿಟ್ಟುಕೊಂಡು ಹೇಳಲು ಬಂದಳು.

"ಗೋಣಿಬೀಡ್ ಕಡೆ ಎಸ್ಟೇಟಲ್ಲಿ ಕರೀತಾವ್ರೆ ಅಮ್ಮಾರೆ. ಅಲ್ಲಿ ನಲ್ಲೀಲಿ ನೀರ್ ಬರ್ತದಂತೆ."

"ಇರೇ ಅಣ್ಣಮ್ಮ. ಮಳೆ ಬರ್ತದೆ."

"ಮಳೆ ಬಂದ್ರೆ ಬತ್ತೀವಿ. ಕೊಳೆನೀರು ಕುಡ್ದು ನಮ್ ಮಗು ರೇವತಿಗೆ ಆಗ್ಲೇ ವಾಂತಿ ಭೇದಿ. ನಿಮ್ಮ ಉಪ್ಪು ತಿಂದಿದೀವಿ, ಇಲ್ಲ ಅನ್ನಲ್ಲ. ಆದ್ರೆ ಮಗೀನ ಇಟ್ಕಂಡು ಹೆಂಗಿರದು?" ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಸಾವಿತ್ರಮ್ಮನಿಗೆ.

ಹೂವು ಕಂದು ತಿರುಗಿ ಉದುರತೊಡಗಿದಾಗ ದೇವರಾಜ ಒಂದು ದಿನ ಗುಟ್ಟಾಗಿ ಬಂದು ಹೇಳಿದ: "ಅವ್ವ, ಬೋರ್ ಹೊಡ್ಸ್ತೀನಿ. ರಾಜೇಶಂಗೆ ಹೇಳ್ಬ್ಯಾಡ." ಅದೇ ಸಂಜೆ ದನದ ಕೊಟ್ಟಿಗೆಯಲ್ಲಿ ರಾಜೇಶ: "ಅವ್ವ, ರಿಗ್‌ನೋರ ಹತ್ರ ಮಾತಾಡಿದೀನಿ. ಅಣ್ಣಂಗೆ ಗೊತ್ತಾಗದು ಬ್ಯಾಡ. ಅವನು ಎಷ್ಟೇ ಹೊಡ್ಸ್ಲಿ, ನಂದು ಅದಕ್ಕಿಂತ ನೂರಡಿ ಕೆಳಗೆ."

ಬಾಯಾರಿದಾಗ ಬಾವಿ ತೋಡುವುದು ಎಂದರೆ ಇದೇ. ಅದೂ ಒಬ್ಬರ ಬಾಯಿಂದ ಇನ್ನೊಬ್ಬರು ಕಿತ್ತುಕೊಳ್ಳುವುದಕ್ಕೆ. ಸಾವಿತ್ರಮ್ಮನಿಗೆ ಆ ದಿನ ಏನು ಧೈರ್ಯ ಬಂತೋ, ಮಾರನೇ ದಿನ ತನ್ನ ಕೈಯಾರೆ ಕೋಳಿ ಸಾರು ಮಾಡಿದಳು. ಹೊತ್ತು ಮುಳುಗುವ ಮುಂಚೆ ಇಬ್ಬರು ಮಕ್ಕಳನ್ನೂ ಹಳೆಯ ಅಡುಗೆಮನೆಗೆ ಕರೆದು ಕೂರಿಸಿದಳು. ಸೊಸೆಯರಿಬ್ಬರೂ ಎರಡು ಬಾಗಿಲಲ್ಲಿ ನಿಂತರು. ಕೈ ತೊಳೆಯಲು ಒಂದೇ ಚೊಂಬು ನೀರು ಮಧ್ಯದಲ್ಲಿತ್ತು. ಅನ್ನ ಬಡಿಸಿ, ಅವರು ಕಲೆಸತೊಡಗಿದಾಗ ಹೇಳಿದಳು.

"ಮದ್ವೆ ದಿನ ನೀರು ಬಿಡು ಅಂತ ರಾಜೇಶಂಗೆ ಹೇಳಿದ್ದು ನಾನು ಕಣ್ರೋ. ಜ್ವರ ಅನ್ನು ಅಂದಿದ್ದೂ ನಾನೇ. ಮಾತು ತಗಂಡು ಮಾತು ಮುರಿದವಳು ನಾನು. ಬೈಯೋದಿದ್ರೆ ನನ್ನ ಬೈರಿ. ನೀವಿಬ್ರೂ ಒಂದಾಗಿ."

ರಾಜೇಶ ತಲೆ ತಗ್ಗಿಸಿದ. ದೇವರಾಜ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು ಅವಳನ್ನು ನೋಡಿದ. ಈಗ ಸಿಡಿಯುತ್ತಾನೆ ಎಂದು ಅವಳು ಕಾದಳು.

"ಬಿಡವ್ವ" ಎಂದ ಅವನು, ಮೆತ್ತಗೆ. "ಅವಂಗೆ ನೀನು ಹೇಳ್ದೆ. ನಂಗ್ಯಾರು ಹೇಳಿದ್ರು? ಮೂರ್ತಣ್ಣಂಗೆ ಯಾರು ಹೇಳಿದ್ರು? ನೀನು ಹೇಳ್ದೆ ಇದ್ರೂ ಇದೇ ಆಗ್ತಿತ್ತು."

ಅವಳ ಎದೆ ಹಗುರಾಗಲಿಲ್ಲ. ತನ್ನ ತಪ್ಪೆಂದಾದರೆ ತಾನು ಸರಿಮಾಡಬಹುದಿತ್ತು. ಯಾರದೂ ಅಲ್ಲವೆಂದರೆ ಯಾರ ಕಾಲು ಹಿಡಿಯುವುದು?

ರಾಜೇಶ ತಲೆ ಎತ್ತಿದ. "ಅಣ್ಣ. ಇಬ್ರೂ ಸೇರಿ ಒಂದೇ ಬೋರ್ ಹೊಡ್ಸಣ."

ಬಾಗಿಲಲ್ಲಿ ನಿಂತ ರೂಪಶ್ರೀ ಪ್ರೇಮಕುಮಾರಿಯತ್ತ ನೋಡಿದಳು. ಎಷ್ಟೋ ದಿನಗಳ ಮೇಲೆ ನೋಡಿದ್ದು.

"ಹೊಡ್ಸಣ" ಎಂದ ದೇವರಾಜ. ಸಾವಿತ್ರಮ್ಮನ ಕಣ್ಣಲ್ಲಿ ನೀರು ಬಂತು. ಅವನು ಒಂದು ತುತ್ತು ನುಂಗಿ, "ಯಾರ ಭಾಗದಲ್ಲಿ?" ಎಂದ.

ರಾಜೇಶ ಉತ್ತರ ಹುಡುಕುತ್ತಿದ್ದ. ಅವನಿಗೆ ಸಿಗುತ್ತಿತ್ತೇನೋ, ಇನ್ನೊಂದು ಗಳಿಗೆ ಸಿಕ್ಕಿದ್ದರೆ. ಅಷ್ಟರಲ್ಲಿ ಕೆರೆಯ ಆಚೆ ದಡದಿಂದ ಧಡಧಡ ಸದ್ದು ಎದ್ದಿತು. ಅಟ್ಟದ ಮೇಲಿನ ತಪ್ಪಲೆಗಳು ನಡುಗಿದವು. ಮೂರ್ತಿಯವರ ರಿಗ್ಗು ನೆಲ ಕೊರೆಯಲು ಶುರುಮಾಡಿತ್ತು.

ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿದರು. ದೇವರಾಜ ಮೊದಲು ಎದ್ದ. ಅವನೆದ್ದದ್ದು ಕಂಡು ರಾಜೇಶನೂ ಎದ್ದ.

"ಕೂತ್ಕಳ್ರೋ! ಉಂಡು ಏಳ್ರೋ!" ಎಂದಳು ಸಾವಿತ್ರಮ್ಮ.

ಒಬ್ಬ ಮುಂಬಾಗಿಲಿಗೆ, ಒಬ್ಬ ಹಿಂಬಾಗಿಲಿಗೆ. ಎಂಜಲು ಕೈಯಲ್ಲೇ ಇಬ್ಬರೂ ಫೋನು ಕಿವಿಗಿಟ್ಟಿದ್ದರು. "ಇವತ್ತೇ ಗಾಡಿ ಕಳ್ಸಿ" ಎನ್ನುವುದು ಎರಡು ಕಡೆಯಿಂದಲೂ ಕೇಳಿಸಿತು. ಆಮೇಲೆ ರಿಗ್ಗಿನ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ.

ಸಾವಿತ್ರಮ್ಮ ತಟ್ಟೆ ತೆಗೆಯಲು ಬಗ್ಗಿದಳು. ಮಧ್ಯದ ಚೊಂಬಿನ ನೀರನ್ನು ಯಾರೂ ಮುಟ್ಟಿರಲಿಲ್ಲ. ಆ ದಿನ ಅವಳು ಜನ್ಮದಲ್ಲಿ ಮೊದಲ ಸಲ ಇಬ್ಬರ ತಟ್ಟೆಯಲ್ಲೂ ಅನ್ನದಡಿ ಒಂದೊಂದು ತುಂಡು ಮುಚ್ಚಿಟ್ಟಿದ್ದಳು. ಅನ್ನ ಸರಿಸಿ ನೋಡಿದಳು. ಎರಡೂ ಹಾಗೇ ಇದ್ದವು.